ಮಾಗಿಯ ಚಳಿಗೆ ಮನೆ ಬೆಚ್ಚಗಿಡಲು ಯಾವುದು ಲೇಸು: ಕಂಬಳಿ, ಕೌದಿ, ಜಮಖಾನೆ, ಹೀಟರ್

ಕಾರ್ತಿಕದ ದೀಪಗಳು ಮುಗಿಯುವ ಹೊತ್ತಿಗೆ ಎಲೆಕ್ಟ್ರಿಕ್ ಅಂಗಡಿಗಳ ಮುಂಭಾಗದಲ್ಲಿ ರೂಮ್ ಹೀಟರ್‌ಗಳು ಬಂದು ಕೂರುತ್ತವೆ. ಚಳಿ ಎಂದೊಡನೆ ಜನ ಮೊದಲು ಕೈ ಹಾಕುವುದೂ ಅದಕ್ಕೇ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕಾದ ವಸ್ತು ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮಲ್ಲಿ ಚಳಿ ಕಾಡುವುದು ಕತ್ತಲಾದ ಮೇಲಿನಿಂದ ಬಿಸಿಲೇರುವವರೆಗೆ. ಆ ಹೊತ್ತಿನಲ್ಲಿ ಹೆಚ್ಚಿನದನ್ನು ಹಾಸಿಗೆಯಲ್ಲಿ ಕಳೆಯುತ್ತೇವೆ. ಉಳಿದದ್ದನ್ನು ಕುರ್ಚಿಯಲ್ಲಿ, ಅಡುಗೆಮನೆಯ ನೆಲದ ಮೇಲೆ. ಮೈ ತಾಗುವ ಈ ಜಾಗಗಳು ಬೆಚ್ಚಗಿದ್ದರೆ ಕೋಣೆಯ ಗಾಳಿಯನ್ನೆಲ್ಲ ಕಾಯಿಸುವ ಅಗತ್ಯ ಬೀಳುವುದು ಅಪರೂಪ. ಹಾಗಾಗಿ ಇಲ್ಲಿ ಮೊದಲ ಮಾತು ಹೊದಿಕೆಯದು, ಆಮೇಲೆ ನೆಲ ಮತ್ತು ಕಿಟಕಿ, ಹೀಟರ್ ಕೊನೆಗೆ.

ನಿಮ್ಮೂರಿನ ಚಳಿ ಯಾವ ಬಗೆಯದು?

ಒಂದೇ ರಾಜ್ಯವಾದರೂ ನಮ್ಮಲ್ಲಿ ಚಳಿಯ ಸ್ವಭಾವ ಮೂರು ಬಗೆ. ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಅದು ಹದವಾದ ಚಳಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿಯ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಗಲು ಬಿಸಿಲು ಚೆನ್ನಾಗಿಯೇ ಇರುತ್ತದೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯದು ಒಣ ಚಳಿ. ಮಧ್ಯಾಹ್ನ ಅಂಗಿಯ ಗುಂಡಿ ಬಿಚ್ಚುವಷ್ಟು ಸೆಕೆ, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು, ಬಿರಿಯುವ ತುಟಿ, ಒಡೆಯುವ ಹಿಮ್ಮಡಿ. ಮಲೆನಾಡು, ಕೊಡಗಿನದು ತೇವದ ಚಳಿ. ಉಷ್ಣಾಂಶದ ಅಂಕಿ ತೀರಾ ಇಳಿಯದಿದ್ದರೂ ಮಂಜು, ಇಬ್ಬನಿ ಸೇರಿ ಹಾಸಿಗೆಯೇ ಹಸಿಯಾದಂತೆ ತೋರುತ್ತದೆ. ಕರಾವಳಿಯವರು ಈ ಚರ್ಚೆಯನ್ನೇ ಬಿಡಬಹುದು. ಅವರಿಗೆ ಒಂದು ಹತ್ತಿಯ ದುಪ್ಪಟಿ ಸಾಕು.

ಹೋಲಿಕೆಗೆ ಇಳಿಯುವ ಮೊದಲು ಇದನ್ನು ಹೇಳಲೇಬೇಕಾಯಿತು. ಒಣ ಚಳಿಗೆ ಹೇಳಿ ಮಾಡಿಸಿದಂತಿರುವ ವಸ್ತು ತೇವದ ಚಳಿಯಲ್ಲಿ ಮುಗ್ಗಲು ಹಿಡಿದು ಹಾಳಾಗುತ್ತದೆ. ಮಡಿಕೇರಿಯ ನೆಂಟರು ಹೊಗಳಿದರೆಂದು ಧಾರವಾಡದವರು ಕೊಳ್ಳುವುದು, ಬೆಂಗಳೂರಿನ ಮಗ ಕಳಿಸಿದ್ದನ್ನು ಶೃಂಗೇರಿಯ ತಾಯಿ ಬಳಸಲಾಗದೆ ಪೆಟ್ಟಿಗೆಯಲ್ಲಿಡುವುದು ಎರಡೂ ನಡೆಯುತ್ತಲೇ ಇರುತ್ತವೆ.

ಹೊದಿಕೆ: ಕಂಬಳಿ, ಕೌದಿ, ರಜಾಯಿ, ಮಿಂಕ್ ಬ್ಲ್ಯಾಂಕೆಟ್

ಕಂಬಳಿಯಿಂದಲೇ ಆರಂಭಿಸುತ್ತೇನೆ. ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಒರಟು. ಅದನ್ನು ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ನೇಯ್ದು ಮಾಡಿದ ಕಂಬಳಿ ಹೊಸತರಲ್ಲಿ ಹಲಗೆಯಂತೆ ಬಿರುಸಾಗಿರುತ್ತದೆ. ಆ ಬಿರುಸೇ ಗಾಳಿಯನ್ನೂ ತುಂತುರು ಮಳೆಯನ್ನೂ ತಡೆಯುತ್ತದೆ. ಕುರಿಗಾಹಿಗಳು ರಾತ್ರಿಯೆಲ್ಲ ಬಯಲಿನಲ್ಲಿ ಮಂದೆಯ ಜೊತೆ ಮಲಗಲು ಇದನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಉಣ್ಣೆಯ ಇನ್ನೊಂದು ಗುಣ, ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸದಿರುವುದು. ತೇವದಲ್ಲೂ ಬೆಚ್ಚಗಿಡುವ ಹೊದಿಕೆ ಇದು. ಆದ್ದರಿಂದ ಮಲೆನಾಡು, ಕೊಡಗಿನವರಿಗೆ ನನ್ನ ಮೊದಲ ಆಯ್ಕೆ ಕಂಬಳಿ. ಬೀದರ್, ವಿಜಯಪುರದವರಿಗೂ ಮೇಲುಹೊದಿಕೆಯಾಗಿ ಅದೇ.

ಚುಚ್ಚುತ್ತದೆ ಎಂಬ ದೂರು ನಿಜ. ಅದಕ್ಕೆ ಪರಿಹಾರವೂ ಹಳೆಯದೇ: ಒಳಗೆ ತೆಳುವಾದ ಹತ್ತಿಯ ಚಾದರ, ಹೊರಗೆ ಕಂಬಳಿ. ಕಂಬಳಿಯನ್ನು ನೇರವಾಗಿ ಮೈಗೆ ತಾಗಿಸಿಕೊಂಡು ಮಲಗಿ, ತುರಿಸುತ್ತದೆಂದು ಮೂಲೆಗೆ ಎಸೆದವರು ಒಮ್ಮೆ ಹೀಗೆ ಮಾಡಿ ನೋಡಬೇಕು.

ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಬೇಕು. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಂಥ ಕಡೆ ಕಂಬಳಿ ನೇಯ್ಗೆ ಇದೆ. ಆದರೆ ಡೆಕ್ಕನಿ ಕುರಿಯ ಜಾಗಕ್ಕೆ ಮಾಂಸಕ್ಕಾಗಿ ಸಾಕುವ, ಉಣ್ಣೆ ಬಾರದ ತಳಿಗಳು ಬರುತ್ತಿರುವುದರಿಂದ ಒಳ್ಳೆಯ ಉಣ್ಣೆಯೂ ನೇಕಾರರೂ ಕಡಿಮೆಯಾಗುತ್ತಿದ್ದಾರೆ. ಸಂತೆಯಲ್ಲಿ ಕಂಬಳಿ ಎಂದು ಮಾರುವ ಎಷ್ಟೋ ಹೊದಿಕೆಗಳು ಹಳೆಯ ಬಟ್ಟೆಯ ನಾರನ್ನು ಮತ್ತೆ ನೂತು ಯಂತ್ರದಲ್ಲಿ ನೇಯ್ದವು. ಪಾಣಿಪತ್ ಈ ಉದ್ಯಮಕ್ಕೆ ಹೆಸರಾದ ಊರು. ಅಸಲಿಯನ್ನು ಗುರುತಿಸಲು ಕಂಬಳಿಯ ಅಂಚಿನಿಂದ ಒಂದೆಳೆ ಎಳೆದು, ಅಂಗಡಿಯವರ ಒಪ್ಪಿಗೆ ಪಡೆದು, ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿ ನಂದುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಎಳೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ಕೂರುತ್ತದೆ. ಬಣ್ಣವನ್ನೂ ನೋಡಿ. ಕುರಿಯ ಸಹಜ ಬಣ್ಣದ ಕಂಬಳಿಯಲ್ಲಿ ಕಪ್ಪಿನ ನಡುವೆ ಕಂದು, ಬೂದು ಎಳೆಗಳು ಇಣುಕುತ್ತವೆ. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದ ಕಡುಗಪ್ಪು ಕಂಡರೆ ಬಣ್ಣ ಹಾಕಿದ್ದಾರೆ ಎಂದರ್ಥ.

ಕೌದಿಯ ಮಾತು ಬೇರೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಎಳೆಹೊಲಿಗೆ ಹಾಕಿ ಮಾಡುವ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಇದರದೇ ಸೋದರಿ. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ನೋಡಲು ಇಷ್ಟು ಚೆಂದದ ಹೊದಿಕೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಹಾಸಿಗೆಯ ಮೇಲೆ ಹಗಲಿಡೀ ಹರಡಿಟ್ಟರೂ ಕೋಣೆಗೆ ಕಳೆ ಬರುತ್ತದೆ.

ಬೆಚ್ಚಗಿನ ಲೆಕ್ಕದಲ್ಲಿ ಕೌದಿ ಮಧ್ಯಮ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ರಾತ್ರಿಗಳಿಗೆ ಒಂದು ಒಳ್ಳೆಯ ಕೌದಿ ಸಾಕು. ಇಲ್ಲಿ ದಪ್ಪ ರಜಾಯಿ ಹೊದ್ದರೆ ನಡುರಾತ್ರಿ ಬೆವರಿ ಒದೆಯುತ್ತೀರಿ. ಬೀದರ್ ಕಡೆಯಾದರೆ ಒಳಗೆ ಕೌದಿ, ಮೇಲೆ ಕಂಬಳಿ. ಮಲೆನಾಡಿಗೆ ಕೌದಿಯನ್ನು ನಾನು ಒತ್ತಾಯಿಸುವುದಿಲ್ಲ. ನಾಲ್ಕೈದು ಪದರ ಹತ್ತಿ ಒಮ್ಮೆ ತೇವ ಹೀರಿದರೆ ಅಲ್ಲಿಯ ಬಿಸಿಲಿಗೆ ಒಣಗುವುದು ಕಷ್ಟ.

ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿ ಕೊಳ್ಳಬೇಕು. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನ ಅಂತರ ಇದ್ದರೆ ಒಳಪದರ ಜರುಗುವುದಿಲ್ಲ, ಎರಡು ಮೂರು ಬೆರಳಾದರೆ ಕೆಲವು ಒಗೆತಗಳಲ್ಲೇ ಒಳಗಿನ ಬಟ್ಟೆ ಮುದುಡಿ ಗಂಟಾಗುತ್ತದೆ. ಒಳಗೆ ಏನು ಹಾಕಿದ್ದಾರೆಂದೂ ಕೇಳಿ. ಹಳೆಯ ಹತ್ತಿಸೀರೆಯಾದರೆ ಮೆತ್ತಗೆ, ಬೆಚ್ಚಗೆ. ಪಾಲಿಯೆಸ್ಟರ್ ಸೀರೆಯಾದರೆ ಹೊದ್ದಾಗ ಜಾರುತ್ತದೆ, ಬೆವರೂ ಹೀರುವುದಿಲ್ಲ. ಮನೆಯಲ್ಲೇ ಹಳೆಯ ಸೀರೆಗಳಿದ್ದರೆ ಕೂಲಿ ಕೊಟ್ಟು ಹೊಲಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಅಜ್ಜಿ ಉಟ್ಟ ಇಳಕಲ್ ಸೀರೆಯ ಸೆರಗು ಮೊಮ್ಮಗಳ ಹೊದಿಕೆಯ ನಡುವಿಗೆ ಬಂದು ಕೂರುವುದು ಬೇರೆ ಯಾವ ಹೊದಿಕೆಯಲ್ಲೂ ಆಗದ ಮಾತು.

ರಜಾಯಿ ಎಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ. ಹಿಂಜಿದ ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಬೆಚ್ಚಗಿನ ಗುಟ್ಟು. ಕೆಲವು ವರ್ಷಗಳಲ್ಲಿ ಹತ್ತಿ ಒತ್ತಿ ಗಟ್ಟಿಯಾದಾಗ ಆ ಗಾಳಿ ಹೋಗುತ್ತದೆ, ಹೊದಿಕೆ ಭಾರವಷ್ಟೇ ಉಳಿಯುತ್ತದೆ. ಆಗ ಬಿಚ್ಚಿ ಮತ್ತೆ ಹಿಂಜಿಸಬೇಕು. ಗಾದಿ ಹಿಂಜುವ ನದಾಫರು ನಿಮ್ಮೂರಿನಲ್ಲಿ ಇನ್ನೂ ಇದ್ದರೆ ರಜಾಯಿ ಕೊಳ್ಳಿ; ಇಲ್ಲದಿದ್ದರೆ ಬೇಡ. ಬೀದರ್, ಕಲಬುರಗಿಯ ಒಣ ಹವೆಗೆ ರಜಾಯಿ ಚೆನ್ನಾಗಿ ಒಗ್ಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ಸಂಜೆಗೆ ಉಬ್ಬಿ ಬರುತ್ತದೆ.

ಮಿಂಕ್ ಬ್ಲ್ಯಾಂಕೆಟ್ ಎಂದು ಕರೆಯುವ, ನುಣುಪಾದ, ದೊಡ್ಡ ಹೂವಿನ ಚಿತ್ರದ ಪಾಲಿಯೆಸ್ಟರ್ ಹೊದಿಕೆಯನ್ನು ಕೀಳು ಮಾಡಿ ಮಾತಾಡುವ ಮನಸ್ಸು ನನಗಿಲ್ಲ. ಕಡಿಮೆ ಬೆಲೆ, ಒಗೆದರೆ ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ. ಹಾಸ್ಟೆಲ್ ಮತ್ತು ಪಿ.ಜಿ.ಗಳ ವಿದ್ಯಾರ್ಥಿಗಳಿಗೆ, ಮೇಲಿಂದ ಮೇಲೆ ಮನೆ ಬದಲಿಸುವವರಿಗೆ ಇದೇ ಸರಿ. ಆದರೆ ಬೆವರು ಹೊರಹೋಗಲು ಬಿಡದು. ಒಣ ಹವೆಯಲ್ಲಿ ಕತ್ತಲಲ್ಲಿ ಹೊದ್ದೆಳೆದರೆ ಚಟಚಟ ಕಿಡಿ ಕಾಣುತ್ತದೆ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹೀಟರ್ ಇರುವ ಕೋಣೆಯಲ್ಲಿ ಇದನ್ನು ಮಂಚದಿಂದ ಜೋತಾಡಲು ಬಿಡಬಾರದು.

ಹೊದಿಕೆಯಷ್ಟೇ ಮುಖ್ಯವಾದದ್ದು ಕೆಳಗಿನ ಹಾಸು. ನೆಲದ ಮೇಲೆ ಮಲಗುವವರು ಎಷ್ಟು ಹೊದ್ದರೂ ನಡುಗುವುದು ಚಳಿ ಕೆಳಗಿನಿಂದ ಏರುವುದರಿಂದ. ಚಾಪೆ, ಅದರ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಹಾಸಿಗೆ ಎಂಬ ಕ್ರಮ ಹಿಡಿದರೆ ಒಂದು ಹೊದಿಕೆ ಕಡಿಮೆ ಬೇಕಾಗುತ್ತದೆ. ಮಂಚದಲ್ಲಿ ಮಲಗುವವರೂ ತೆಳ್ಳನೆಯ ಹಾಸಿಗೆಯಾದರೆ ಅದರಡಿಗೆ ಕಂಬಳಿ ಹಾಸಬಹುದು.

ನೆಲ: ಜಮಖಾನೆ, ಚಾಪೆ, ಕಾರ್ಪೆಟ್

ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಗ್ರಾನೈಟ್ ಕೊರೆಯುತ್ತದೆ, ಅದೇ ಕೋಣೆಯ ಮರದ ಹಲಗೆ ಕೊರೆಯುವುದಿಲ್ಲ. ಎರಡರ ಉಷ್ಣಾಂಶವೂ ಒಂದೇ. ಕಲ್ಲು ಕಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು ಎಲ್ಲದರ ಕಥೆಯೂ ಇದೇ. ಬೇಸಿಗೆಯಲ್ಲಿ ವರವಾದ ನೆಲ ಮಾಗಿಯಲ್ಲಿ ಶತ್ರು. ಹಾಗೆಂದು ನೆಲ ಕಿತ್ತು ಮರ ಹಾಕಿಸಬೇಕಿಲ್ಲ. ಕಾಲಿಡುವ ಕಡೆ ಏನಾದರೂ ಹಾಸಿದರೆ ಸಾಕು.

ನನ್ನ ಒಲವು ಹತ್ತಿಯ ಜಮಖಾನೆಯ ಕಡೆಗೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೆಂಗಸರೇ ನೇಯುವ, ಪಗಡೆಹಾಸು, ನವಿಲಿನ ಚಿತ್ತಾರಗಳ ಈ ಜಮಖಾನೆ ಎರಡೂ ಬದಿ ಬಳಸಲು ಬರುತ್ತದೆ, ಜಾಡಿಸಿದರೆ ಧೂಳು ಬೀಳುತ್ತದೆ, ಬೇಸಿಗೆ ಬಂದರೆ ಮಡಿಸಿ ಎತ್ತಿಡಬಹುದು. ಕಾರ್ಪೆಟ್ ಇದಕ್ಕಿಂತ ಮೆತ್ತಗೆ, ಹೆಚ್ಚು ಬೆಚ್ಚಗೆ. ಆದರೆ ನಮ್ಮ ಧೂಳಿನಲ್ಲಿ ಅದನ್ನು ಶುಚಿಯಾಗಿಡಲು ವ್ಯಾಕ್ಯೂಮ್ ಕ್ಲೀನರ್ ಬೇಕೇ ಬೇಕು. ಉಬ್ಬಸ ಅಥವಾ ಧೂಳಿನ ಅಲರ್ಜಿ ಇರುವವರ ಮನೆಗೆ ನಾನಂತೂ ಕಾರ್ಪೆಟ್ ಹೇಳುವುದಿಲ್ಲ. ಈಚಲು ಚಾಪೆ ಅಗ್ಗ, ತೇವದ ಊರಿಗೂ ಸರಿ, ಬೇಗ ಒಣಗುತ್ತದೆ. ಮಲೆನಾಡಿನವರು ಜಮಖಾನೆಯ ಬದಲು ಚಾಪೆಗೇ ನಿಲ್ಲಲಿ, ಮೇಲೆ ಕೂರುವ ಕಡೆ ಒಂದು ಕಂಬಳಿ ತುಂಡು ಹಾಕಿಕೊಳ್ಳಲಿ.

ಒಂದೇ ಹಾಸು ಕೊಳ್ಳುವಷ್ಟು ಹಣವಿದ್ದರೆ ಅದನ್ನು ನಡುಮನೆಗೆ ಹಾಸಬೇಡಿ. ಮಂಚದ ಪಕ್ಕ, ಬೆಳಗ್ಗೆ ಕಾಲಿಡುವ ಜಾಗ ಮೊದಲು. ಎರಡನೆಯದು ಅಡುಗೆಮನೆಯ ಕಟ್ಟೆಯ ಮುಂದೆ, ನಸುಕಿನಲ್ಲೆದ್ದು ಗಂಟೆಗಟ್ಟಲೆ ನಿಲ್ಲುವವರ ಪಾದದಡಿಗೆ. ಬಹಳ ಮನೆಗಳಲ್ಲಿ ಅತಿಥಿಗಳು ಕೂರುವ ಕಡೆ ದಪ್ಪ ಕಾರ್ಪೆಟ್ ಇರುತ್ತದೆ, ಮನೆಯೊಡತಿ ಧನುರ್ಮಾಸದ ಮುಂಜಾವಿನಲ್ಲಿ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತಿರುತ್ತಾಳೆ. ಅಲ್ಲಿ ಜಾರದಂತೆ ಹಿಂಬದಿಗೆ ರಬ್ಬರ್ ಇರುವ ಚಿಕ್ಕ ಹಾಸು ಹಾಕಿ.

ಕಿಟಕಿ, ಪರದೆ, ಬಿಸಿಲು

ಇದು ಖರ್ಚಿಲ್ಲದ ಭಾಗ, ಜನ ಮರೆಯುವ ಭಾಗವೂ ಹೌದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನವೂ ಅವನು ದಿಗಂತದಿಂದ ಏರುವುದು ಸುಮಾರು 53 ಡಿಗ್ರಿ. ಬೀದರಿನಲ್ಲಿ 50ಕ್ಕೂ ಕಡಿಮೆ. ಅಂದರೆ ದಕ್ಷಿಣದ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಕ್ಕೆ ಬೀಳುವ ಕಾಲ ಇದು. ಆ ಕಿಟಕಿಯ ಪರದೆಯನ್ನು ಹಗಲು ಪೂರ್ತಿ ಸರಿಸಿಡಿ. ಗೋಡೆ, ನೆಲ ಹೀರಿಕೊಂಡ ಬಿಸಿ ಸಂಜೆ ನಿಮ್ಮದಾಗುತ್ತದೆ. ಸೂರ್ಯ ಇಳಿಯುತ್ತಿದ್ದಂತೆ ಪರದೆ ಎಳೆಯಿರಿ. ದಕ್ಷಿಣ ಒಳನಾಡಿನಲ್ಲಿ ಈ ದಿನಗಳ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ಕಿಟಕಿಗೆ ರಾತ್ರಿ ದಪ್ಪ ಪರದೆ, ಬೆಳಗ್ಗೆ ಅದೇ ಕಿಟಕಿಗೆ ಎಳೆಬಿಸಿಲು.

ಪರದೆಗೆ ಹಣ ಹಾಕುವುದಾದರೆ ದಪ್ಪಕ್ಕಿಂತ ಅಳತೆ ಮುಖ್ಯ. ಕಿಟಕಿಯ ಚೌಕಟ್ಟಿಗಿಂತ ಅಗಲವಾಗಿ, ನೆಲ ಮುಟ್ಟುವಷ್ಟು ಉದ್ದವಾಗಿ ಇರುವ ಸಾಧಾರಣ ಹತ್ತಿಯ ಪರದೆ ಅಂಚಿನಲ್ಲಿ ಸಂದು ಬಿಡುವ ದುಬಾರಿ ಪರದೆಗಿಂತ ಚೆನ್ನಾಗಿ ಗಾಳಿ ತಡೆಯುತ್ತದೆ. ಹೊರಬಾಗಿಲ ಕೆಳಗಿನ ಸಂದಿಗೆ ಹಳೆಯ ಪಂಚೆಯನ್ನು ಸುರುಳಿ ಸುತ್ತಿ ಒತ್ತಿಟ್ಟರೆ ಸಾಕು, ಬೇಕೆಂದರೆ ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿಯೂ ಸಿಗುತ್ತದೆ. ಗೋಡೆಯ ಮೇಲ್ಭಾಗದ ಗವಾಕ್ಷಿಯನ್ನು ಮಾತ್ರ ಪೂರ್ತಿ ಮುಚ್ಚಬೇಡಿ. ಏಕೆಂಬುದು ಮುಂದೆ ಬರುತ್ತದೆ.

ಬೆಳಕಿನ ಬಗ್ಗೆ ಒಂದೇ ಮಾತು. ನಮ್ಮ ಮನೆಗಳ ಹೆಚ್ಚಿನ ಎಲ್‌ಇಡಿಗಳು 6500 ಕೆಲ್ವಿನ್‌ನ ಬಿಳಿ ಬೆಳಕಿನವು. ಅದು ಓದುವ ಮೇಜಿಗೆ ಸರಿ. ಸಂಜೆ ಕುಳಿತು ಮಾತಾಡುವ ಜಾಗಕ್ಕೆ 2700ರಿಂದ 3000 ಕೆಲ್ವಿನ್‌ನ, ಪೆಟ್ಟಿಗೆಯ ಮೇಲೆ ವಾರ್ಮ್ ವೈಟ್ ಎಂದು ಬರೆದಿರುವ ಬಲ್ಬ್ ಹಾಕಿ ನೋಡಿ. ಉಷ್ಣಾಂಶ ಒಂದು ಡಿಗ್ರಿಯೂ ಏರದಿದ್ದರೂ ಕೋಣೆ ಬೆಚ್ಚಗಾದಂತೆ ಮನಸ್ಸಿಗೆ ತೋರುತ್ತದೆ. ಈ ಇಡೀ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಹಣಕ್ಕೆ ಆಗುವ ಬದಲಾವಣೆ ಇದು.

ಹೀಟರ್ ಬೇಕೇ ಬೇಕೆಂದರೆ

ವಯಸ್ಸಾದವರು, ಕಾಯಿಲೆಯವರು ಇರುವ ಮನೆಗೆ ಬೇಕಾಗಬಹುದು. ಬೀದರಿನ ಜನವರಿಗೂ, ಚಿಕ್ಕಮಗಳೂರಿನ ಬೆಟ್ಟದ ಮೇಲಿನ ಮನೆಗೂ ಬೇಕಾಗಬಹುದು. ಆಯ್ಕೆಗೆ ಮೊದಲು ಒಂದು ಸತ್ಯ ತಿಳಿದಿರಲಿ: ತಂತಿ ಕಾಯಿಸಿ ಬಿಸಿ ಕೊಡುವ ಎಲ್ಲ ಹೀಟರ್‌ಗಳೂ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಪ್ರಮಾಣದ ಶಾಖ ಕೊಡುತ್ತವೆ. ಆಯಿಲ್ ಹೀಟರ್ ಕರೆಂಟ್ ಉಳಿಸುತ್ತದೆ, 11 ಫಿನ್‌ನದು (ಫಿನ್ ಎಂದರೆ ಅದರ ಮೈಮೇಲಿನ ಲೋಹದ ರೆಕ್ಕೆ) 9 ಫಿನ್‌ನದಕ್ಕಿಂತ ಹೆಚ್ಚು ಬಿಸಿ ಹುಟ್ಟಿಸುತ್ತದೆ ಎಂಬ ಮಾರಾಟದ ಮಾತು ನಂಬಬೇಡಿ. ಶಾಖವನ್ನು ನಿರ್ಧರಿಸುವುದು ವ್ಯಾಟ್. ವ್ಯತ್ಯಾಸ ಇರುವುದು ಆ ಬಿಸಿ ನಿಮ್ಮನ್ನು ತಲಪುವ ಬಗೆಯಲ್ಲಿ.

ಕ್ವಾರ್ಟ್ಜ್ ಮತ್ತು ಹ್ಯಾಲೊಜೆನ್ ಹೀಟರ್‌ಗಳು ಕೆಂಪಗೆ ಉರಿದು, ಎದುರಿಗೆ ಕೂತವರ ಮೈಯನ್ನು ನೇರವಾಗಿ ಕಾಯಿಸುತ್ತವೆ. 400ರಿಂದ 1200 ವ್ಯಾಟ್‌ವರೆಗೆ ಸಿಗುತ್ತವೆ. ಹಚ್ಚಿದ ಕೂಡಲೇ ಬಿಸಿ, ಆರಿಸಿದ ಕೂಡಲೇ ಚಳಿ. ಬೆಳಗ್ಗೆ ಅಜ್ಜ ಕಾಫಿ ಕುಡಿದು ಪತ್ರಿಕೆ ಓದುವ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯದಿಲ್ಲ. ರಾತ್ರಿಯಿಡೀ ಹಚ್ಚಲು ಇದು ಬೇಡ. ಫ್ಯಾನ್ ಹೀಟರ್ ಅಥವಾ ಬ್ಲೋವರ್ ಚಿಕ್ಕ ಕೋಣೆಯನ್ನು ಬೇಗ ಬಿಸಿ ಮಾಡುತ್ತದೆ. ಸದ್ದು ಮಾಡುತ್ತದೆ, ಧೂಳನ್ನೂ ಎಬ್ಬಿಸುತ್ತದೆ. ಸ್ನಾನ ಮಾಡಿ ಬಂದವರು ಬಟ್ಟೆ ಹಾಕಿಕೊಳ್ಳುವ ಹತ್ತು ನಿಮಿಷಕ್ಕೆ ಸರಿ, ಬಚ್ಚಲಿನೊಳಕ್ಕೆ ಮಾತ್ರ ಒಯ್ಯಬಾರದು. ಆಯಿಲ್ ಹೀಟರ್ ನಿಧಾನಿ, ದುಬಾರಿ, ಭಾರ. ಅರ್ಧ ಗಂಟೆಯವರೆಗೆ ಏನೂ ಆಗದಂತಿರುತ್ತದೆ. ಆಮೇಲೆ ಸದ್ದಿಲ್ಲದೆ, ಕಣ್ಣು ಕುಕ್ಕದೆ, ಥರ್ಮೋಸ್ಟಾಟ್ ಹಿಡಿತದಲ್ಲಿ ಹದವಾಗಿ ಬಿಸಿ ಕೊಡುತ್ತದೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ತುಂಬಿಸಬೇಕಾಗಿಯೂ ಇಲ್ಲ. ಹಾಸಿಗೆ ಹಿಡಿದವರ ಕೋಣೆಗೆ ನನ್ನ ಆಯ್ಕೆ ಇದೇ.

ಬಿಸಿಯನ್ನೂ ಕೊಡುವ ಹಾಟ್ ಅಂಡ್ ಕೋಲ್ಡ್ ಎಸಿಯ ಲೆಕ್ಕ ಬೇರೆ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಕ್ಕೆ ಸಾಗಿಸುವುದರಿಂದ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಚಳಿಗೆಂದೇ ಎಸಿ ಕೊಳ್ಳುವುದು ಬೆಂಗಳೂರಿಗೆ ಅತಿಯಾಯಿತು. ಆದರೆ ಕಲಬುರಗಿ, ಬೀದರಿನವರು ಬೇಸಿಗೆಗೆ ಹೇಗೂ ಎಸಿ ಹಾಕಿಸುವವರು; ಅಂಗಡಿಯಲ್ಲಿ ಈ ಬಗೆಯದನ್ನೇ ಕೇಳಿ ತೆಗೆದುಕೊಂಡರೆ ಎರಡೂ ಕಾಲಕ್ಕೆ ಆಯಿತು.

ಇನ್ನು ಬಿಲ್ಲಿನ ಮಾತು. 1000 ವ್ಯಾಟ್‌ನ ಹೀಟರ್ ನಿಲ್ಲದೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ರಾತ್ರಿಗೆ ಆರು ಗಂಟೆಯಂತೆ ತಿಂಗಳಿಗೆ 180 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಸಾವಿರದ ಮೇಲಾಯಿತು. ಗೃಹಜ್ಯೋತಿಯ ಲಾಭ ಪಡೆಯುತ್ತಿರುವ ಮನೆಯವರು ಇದನ್ನು ಎರಡು ಸಲ ಓದಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅದೇ 100 ವ್ಯಾಟ್‌ನ ಬೆಡ್ ವಾರ್ಮರ್ ಅನ್ನು, ಅಂದರೆ ಹಾಸಿಗೆ ಕಾಯಿಸುವ ವಿದ್ಯುತ್ ಹಾಸನ್ನು, ಮಲಗುವ ಮೊದಲು ಒಂದು ಗಂಟೆ ಹಾಕಿ ಆರಿಸಿದರೆ ತಿಂಗಳಿಗೆ 3 ಯೂನಿಟ್. ಹೀಟರ್‌ಗಿಂತ ಅದನ್ನು ನಾನು ಮೊದಲು ಹೇಳುವುದು ಇದಕ್ಕೇ.

ಬಿಸಿನೀರಿನ ರಬ್ಬರ್ ಚೀಲ ಇನ್ನೂ ಅಗ್ಗ. ಒಂದೂವರೆ ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಲು 0.1 ಯೂನಿಟ್ ಕೂಡ ಬೇಡ. ಕುದಿಯುವ ನೀರು ಹಾಕಬೇಡಿ, ಮುಕ್ಕಾಲು ತುಂಬಿ ಗಾಳಿ ಹೊರಹಾಕಿ ಬಿರಡೆ ಬಿಗಿಮಾಡಿ, ಟವೆಲ್ ಸುತ್ತಿ ಕಾಲ ಬಳಿ ಇಡಿ. ಮಧುಮೇಹದಿಂದ ಪಾದಗಳ ಸ್ಪರ್ಶ ಕುಂದಿದವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಅವರ ಹಾಸಿಗೆಯನ್ನು ಚೀಲದಿಂದ ಮೊದಲೇ ಬಿಸಿ ಮಾಡಿ, ಮಲಗುವಾಗ ಚೀಲ ತೆಗೆದುಬಿಡಿ.

ಯಾವ ಹೀಟರ್ ಕೊಂಡರೂ ಐಎಸ್‌ಐ ಮುದ್ರೆ ನೋಡಿ, ಬಿದ್ದರೆ ತಾನೇ ಆರುವ ವ್ಯವಸ್ಥೆ ಇದೆಯೇ ಎಂದು ಅಂಗಡಿಯಲ್ಲೇ ವಾಲಿಸಿ ಪರೀಕ್ಷಿಸಿ. 2000 ವ್ಯಾಟ್ ಎಂದರೆ ಸುಮಾರು 9 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್‌ಗೆ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಅದನ್ನು ಸಿಕ್ಕಿಸಿದರೆ ಪ್ಲಗ್ ಕರಗುತ್ತದೆ. ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್ ಬೇಕು. ಪರದೆ, ಹೊದಿಕೆ, ಒಣಹಾಕಿದ ಬಟ್ಟೆಗಳಿಂದ ಒಂದು ಮೀಟರ್‌ನಾದರೂ ದೂರವಿರಲಿ.

ಕೆಂಡದ ಮಾತು

ಇಲ್ಲಿ ಹೋಲಿಕೆಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗಬೇಡಿ. ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಹೊಗೆ ಆರಿದ ಕೆಂಡ ಅಪಾಯವಿಲ್ಲವೆಂಬ ನಂಬಿಕೆ ಜನರಲ್ಲಿದೆ. ಹೊಗೆಯಿಲ್ಲದ ಕೆಂಡವೂ ಇದೇ ಅನಿಲವನ್ನು ಬಿಡುತ್ತದೆ. ವಿದ್ಯುತ್ ಹೀಟರ್ ಕೋಣೆಯ ಆಮ್ಲಜನಕ ತಿನ್ನುತ್ತದೆ ಎಂದು ಹೆದರುವವರೇ ಅಗ್ಗಿಷ್ಟಿಕೆಯನ್ನು ನಿಶ್ಚಿಂತೆಯಿಂದ ಒಳಗಿಡುವುದನ್ನು ಕೇಳಿದಾಗ ಸಂಕಟವಾಗುತ್ತದೆ. ವಿದ್ಯುತ್ ಹೀಟರ್ ಏನನ್ನೂ ಉರಿಸುವುದಿಲ್ಲ, ಕೆಂಡವೇ ಆಮ್ಲಜನಕ ತಿನ್ನುವುದು.

ಬಾಣಂತಿಯ ಕೋಣೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಿಟಕಿ ಮುಚ್ಚಿ, ಗವಾಕ್ಷಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡ ಇಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಹಿರಿಯರ ಕಾಲದ ಹೆಂಚಿನ ಮನೆಯಲ್ಲಿ ಸಂದುಗಳಿಂದ ಗಾಳಿ ಆಡುತ್ತಿತ್ತು. ಇಂದಿನ ಆರ್‌ಸಿಸಿ ಮನೆಯಲ್ಲಿ, ಅಲ್ಯೂಮಿನಿಯಂ ಕಿಟಕಿಯ ಕೋಣೆಯಲ್ಲಿ ಆಡುವುದಿಲ್ಲ. ಸಾಂಬ್ರಾಣಿ ಹಾಕುವುದಿದ್ದರೆ ಬಾಗಿಲು ತೆರೆದು ಹಾಕಿ, ಕೂಡಲೇ ಹೊರಗೆ ಒಯ್ಯಿರಿ. ಬಾಣಂತಿಗೆ ಕಾಲುಚೀಲ, ಕಂಬಳಿ, ದೂರದಲ್ಲೊಂದು ಆಯಿಲ್ ಹೀಟರ್ ಇರಲಿ. ಮಗುವಿಗೆ ಪದರಪದರವಾಗಿ ಬಟ್ಟೆ ತೊಡಿಸಿ. ಒಂದು ವರ್ಷದೊಳಗಿನ ಮಗುವಿಗೆ ಭಾರದ ಹೊದಿಕೆ ಹೊದಿಸಿದರೆ ಅದು ಮುಖದ ಮೇಲೆ ಸರಿದು ಉಸಿರು ಕಟ್ಟಬಹುದು. ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ನಿಯಮ: ಗಾಳಿಯಾಡದ ಬಚ್ಚಲಿನಲ್ಲಿ ಅದು ಇರಬಾರದು, ಇರುವುದಾದರೆ ಹೊರಗಿನ ಬಾಲ್ಕನಿಯಲ್ಲಿರಲಿ.

ಮಲೆನಾಡಿನಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುತ್ತ, ಎದುರಿಗೆ ಕೂತು ಮೈ ಕಾಯಿಸಿಕೊಳ್ಳುವ ಸುಖಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಹೊಗೆಗೆ ದಾರಿಯಿದೆ, ಕೂತವರು ಎಚ್ಚರವಾಗಿದ್ದಾರೆ. ಆ ಸೌಕರ್ಯ ಇರುವವರು ಸಂಜೆಯ ಹೊತ್ತಿಗೆ ಬೇರೆ ಹೀಟರ್ ಹುಡುಕುವುದೇ ಬೇಡ.

ಯಾವ ಮನೆಗೆ ಯಾವುದು ಮೊದಲು

ಬೆಂಗಳೂರಿನ ಬಾಡಿಗೆ ಮನೆಯ ಚಿಕ್ಕ ಸಂಸಾರಕ್ಕೆ ಒಂದೊಂದು ಕೌದಿ, ಮಂಚದ ಪಕ್ಕ ಜಮಖಾನೆ, ಎರಡು ವಾರ್ಮ್ ವೈಟ್ ಬಲ್ಬ್. ಇಷ್ಟರಲ್ಲಿ ಚಳಿಗಾಲ ಕಳೆಯುತ್ತದೆ, ಮನೆ ಬಿಡುವಾಗ ಎಲ್ಲವನ್ನೂ ಕಟ್ಟಿಕೊಂಡು ಹೋಗಬಹುದು. ಬೀದರ್, ವಿಜಯಪುರದವರು ಕೌದಿ, ಕಂಬಳಿ ಎರಡನ್ನೂ ಕೊಂಡು, ಬಾಗಿಲ ಸಂದು ಮುಚ್ಚಿ, ಆಮೇಲೆ ಬೆಡ್ ವಾರ್ಮರ್ ನೋಡಲಿ. ಮಡಿಕೇರಿ, ಆಗುಂಬೆ ಕಡೆಯವರು ಕಂಬಳಿಗೇ ಹೆಚ್ಚು ಹಣ ಹಾಕಲಿ. ಅವರು ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕುವುದನ್ನು ಬಿಟ್ಟರೆ ಕೋಣೆಯ ತೇವ ಅಷ್ಟು ಕಡಿಮೆಯಾಗುತ್ತದೆ. ಒಂಟಿಯಾಗಿರುವ ಹಿರಿಯರಿಗೆ ಸೊಸೆಯೋ ಮಗನೋ ಏನಾದರೂ ಕೊಡಿಸುವುದಾದರೆ ಗುಂಡಿ ಹತ್ತಾರು ಇರುವ ದುಬಾರಿ ಹೀಟರ್ ಬೇಡ. ಒಂದೇ ತಿರುಗುಗುಂಡಿಯ ಆಯಿಲ್ ಹೀಟರ್ ಮತ್ತು ಅದಕ್ಕೆ ಸರಿಯಾದ ಸಾಕೆಟ್ ಹಾಕಿಸಿಕೊಟ್ಟು ಹೋಗಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರಲ್ಲ, ಅದರ ಮರುವಾರ ಎಲ್ಲವನ್ನೂ ಎತ್ತಿಡುವ ಕೆಲಸ. ಕೌದಿಯನ್ನು ಒಗೆದು ಎರಡು ದಿನದ ಗಟ್ಟಿ ಬಿಸಿಲಿನಲ್ಲಿ ಒಳಪದರದವರೆಗೂ ಒಣಗಿಸಿ. ಕಂಬಳಿಯನ್ನು ಬಿಸಿನೀರಿಗೆ ಹಾಕಿದರೆ ಕುಗ್ಗಿ ಗಡುಸಾಗುತ್ತದೆ. ಜಾಡಿಸಿ, ಬಿಸಿಲು ಕಾಣಿಸಿದರೆ ಸಾಕು. ಒಗೆಯಲೇಬೇಕಾದರೆ ತಣ್ಣೀರು, ಹಿಂಡದೆ ಹರಡಿ ಒಣಗಿಸಬೇಕು. ಉಣ್ಣೆಗೆ ನುಸಿ ಬೇಗ ಬೀಳುತ್ತದೆ, ಮಡಿಕೆಗಳ ನಡುವೆ ನುಸಿಗುಳಿಗೆಯನ್ನೋ ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನೋ ಇಡಿ, ಹಸಿ ಎಲೆ ಇಟ್ಟರೆ ಬೂಷ್ಟು ಬರುತ್ತದೆ. ಹೀಟರ್‌ನ ಧೂಳೊರೆಸಿ ಬಟ್ಟೆ ಸುತ್ತಿಡಿ, ಪ್ಲಗ್‌ನ ಕಾಲುಗಳು ಕಪ್ಪಾಗಿವೆಯೇ ನೋಡಿ. ಕಪ್ಪಾಗಿದ್ದರೆ ಸಾಕೆಟ್ ಸಡಿಲವಿದೆ ಎಂದರ್ಥ, ಮುಂದಿನ ಚಳಿಗೆ ಕಾಯದೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.